ಪುಣೆಯ ಸುಸ್ಥಿರತೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಬಾಣೇರ್ ನಿವಾಸಿ:
ಕೇಂದ್ರ ಸರ್ಕಾರದ ಸುಲಲಿತ ಜೀವನ ಸೂಚ್ಯಂಕದಲ್ಲಿ ಪುಣೆಯು 2018ರಲ್ಲಿ 111 ನಗರಗಳ ಪೈಕಿ ಮೊದಲನೆಯದಾಗಿತ್ತು. 2020ರ ಆವೃತ್ತಿಯಲ್ಲಿ ದೊಡ್ಡ ನಗರಗಳ ಸಾಲಿನಲ್ಲಿ ಬೆಂಗಳೂರಿನ ನಂತರದ ಸ್ಥಾನ ಪಡೆಯಿತು. ಆದರೂ ನಮ್ಮ ವಸತಿ ಸೊಸೈಟಿಗೆ ಮಾರ್ಚ್ ತಿಂಗಳಿನಿಂದಲೇ ನೀರಿನ ಟ್ಯಾಂಕರ್ ತರಿಸಬೇಕಾಗುತ್ತದೆ. ಇಡೀ ನಗರಕ್ಕೆ ಒಂದೇ ಅಂಕ ಕೊಡುವ ಇಂಥ ಅಳತೆಗಳಿಂದ ನಗರ ಯೋಜನೆಗೆ ಏನು ಉಪಯೋಗ?

ನಗರ ಯೋಜನೆಯ ವಿದ್ಯಾರ್ಥಿನಿ:
ಸರ್, ತೊಡಕಿರುವುದು ಸರಾಸರಿ ತೆಗೆಯುವ ಕ್ರಮದಲ್ಲಿ. ನೀರಿಗೆ 10, ಸಾರಿಗೆಗೆ 90 ಅಂಕ ಬಂದ ನಗರದ ಸಾಮಾನ್ಯ ಸರಾಸರಿ 50. ಎರಡಕ್ಕೂ ತಲಾ 50 ಬಂದ ನಗರದ್ದೂ 50. ಒಳ್ಳೆಯ ಬಸ್ಸು ಬಾಯಾರಿಕೆಯನ್ನು ತಣಿಸುವುದಿಲ್ಲ, ಆದರೆ ಲೆಕ್ಕದಲ್ಲಿ ತಣಿಸಿದಂತೆ ಕಾಣುತ್ತದೆ. ಗುಣೋತ್ತರ ಸರಾಸರಿ ತೆಗೆದರೆ, ಅಂದರೆ ಎರಡು ಅಂಕಗಳನ್ನು ಗುಣಿಸಿ ವರ್ಗಮೂಲ ತೆಗೆದರೆ, ಮೊದಲ ನಗರ 30ಕ್ಕೆ ಇಳಿಯುತ್ತದೆ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವೂ 2010ರಲ್ಲಿ ಈ ವಿಧಾನಕ್ಕೆ ಬದಲಾಯಿತು. ಇನ್ನು ಯೋಜನೆಗೆ ನೇರವಾಗಿ ಒದಗುವುದು ವಾರ್ಡುವಾರು ಬಿಡಿ ಅಂಕಿಗಳು. ಬಸ್ ನಿಲ್ದಾಣ 500 ಮೀಟರ್, ರೈಲು ಅಥವಾ ಮೆಟ್ರೊ ನಿಲ್ದಾಣ 1 ಕಿಲೋಮೀಟರ್ ಒಳಗೆ ಎಷ್ಟು ಜನರಿಗೆ ಸಿಗುತ್ತದೆ ಎಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಗರಗಳ ಕುರಿತಾದ 11ನೆಯದು ಕೇಳುತ್ತದೆ. ಅದನ್ನು ನಕಾಶೆಯ ಮೇಲೆ ಗುರುತಿಸಿದರೆ ಮುಂದಿನ ನಿಲ್ದಾಣ ಎಲ್ಲಿ ಬೇಕೆಂಬುದು ತಿಳಿಯುತ್ತದೆ.

ಅಫಜಲಪುರದವ, ಈಗ ಹಡಪ್ಸರ್:
ಎಲ್ಲೆಯ ಪ್ರಶ್ನೆಯೂ ಇದೆ. ಪುಣೆ ಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ತಲಾ ನೀರು, ತಲಾ ಉದ್ಯಾನ ಎಂಬ ಲೆಕ್ಕಗಳ ಛೇದವೇ ಬದಲಾದ ಮೇಲೆ ಹಿಂದಿನ ವರ್ಷದೊಂದಿಗೆ ಹೋಲಿಸಿ ಫಲವಿಲ್ಲ. ನನ್ನನ್ನು ಹೆಚ್ಚು ಕಾಡುವುದು ಎಲ್ಲೆಯ ಆಚೆಗಿನ ಸಂಗತಿ. ಈ ಊರು ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್ ಜಲಾಶಯಗಳ ನೀರು ಕುಡಿದು ಮುಳಾ-ಮುಠಾಗೆ ಕೊಳಚೆ ಬಿಡುತ್ತದೆ. ಆ ನದಿ ಭೀಮೆಯನ್ನು ಸೇರಿ, ಉಜನಿ ಜಲಾಶಯವನ್ನು ದಾಟಿ, ನಮ್ಮ ಅಫಜಲಪುರದ ಕಡೆಗೆ ಹರಿಯುತ್ತದೆ. ನಗರದ ಗಡಿಯೊಳಗೆ ಮಾತ್ರ ಅಳೆಯುವ ಸೂಚ್ಯಂಕದಲ್ಲಿ ನದಿದಂಡೆಯ ಊರುಗಳಿಗೆ ಜಾಗವೇ ಇಲ್ಲ. ಸಂಸ್ಕರಿಸದೆ ನದಿಗೆ ಬಿಡುವ ಕೊಳಚೆಯ ಪ್ರಮಾಣವನ್ನು ಯಾವ ಸರಾಸರಿಯಲ್ಲೂ ಕರಗಿಸದೆ ಪ್ರತ್ಯೇಕವಾಗಿ ಪ್ರಕಟಿಸಬೇಕು.

ಬಾಣೇರ್ ನಿವಾಸಿ:
ಇಬ್ಬರಿಗೂ ಧನ್ಯವಾದಗಳು. ಟ್ಯಾಂಕರ್ ನೀರನ್ನು ಪೂರೈಕೆಯ ಲೆಕ್ಕಕ್ಕೆ ಸೇರಿಸಬೇಕೇ?

ನಗರ ಯೋಜನೆಯ ವಿದ್ಯಾರ್ಥಿನಿ:
ಸೇರಿಸಬಾರದು, ಸರ್. ಕೊಳವೆಬಾವಿಯಿಂದ ತುಂಬಿಸಿ ತಂದ ನೀರನ್ನು ನಲ್ಲಿ ನೀರಿನೊಂದಿಗೆ ಕೂಡಿಸಿದರೆ ಕೊರತೆಯೂ ಅಂತರ್ಜಲದ ಇಳಿತವೂ ಒಟ್ಟಿಗೇ ಮರೆಯಾಗುತ್ತವೆ.

ಬಾಣೇರ್ ನಿವಾಸಿ:
ಹಾಗಾದರೆ ನಮ್ಮ ಸೊಸೈಟಿಯ ಟ್ಯಾಂಕರ್ ರಸೀದಿಗಳಿಂದ ತಿಂಗಳುವಾರು ಲೆಕ್ಕ ತೆಗೆಯುತ್ತೇನೆ. ಅಕ್ಕಪಕ್ಕದ ಸೊಸೈಟಿಗಳದ್ದೂ ಸಿಕ್ಕರೆ ವಾರ್ಡ್ ಕಚೇರಿಗೆ ಒಪ್ಪಿಸಬಹುದು.