ಸಹಾಯ ಬೇಕು: ರಿಲೇ ಹಾಕಿದರೂ ಜೋಡಿ ಹಾರ್ನ್ ಸರಿಯಾಗಿ ಕೂಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ. ಕೆಲಸದ ಮೇಲೆ ಆಗಾಗ ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆ ಹೋಗುತ್ತಿರುತ್ತೇನೆ. ಮಳೆಗಾಲದಲ್ಲಿ ಮಂಜು ಮುಸುಕಿದರೆ ಆ 14 ತಿರುವುಗಳಲ್ಲಿ ಎದುರಿನ ಗಾಡಿ ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಬೈಕಿನ ಜೊತೆ ಬಂದ ಹಾರ್ನ್ ಬಸ್ಸಿನವರಿಗೆ ಕೇಳಿಸುವುದೇ ಇಲ್ಲ. ಅದಕ್ಕೇ ನನ್ನ 150 ಸಿಸಿ ಬೈಕಿಗೆ 12 ವೋಲ್ಟಿನ ಜೋಡಿ ಡಿಸ್ಕ್ ಹಾರ್ನ್ ತಂದು ಕೂರಿಸಿದೆ. (ನಾನಾ ರಾಗದ ಹಾರ್ನ್‌ಗೆ ಮೋಟಾರು ವಾಹನ ನಿಯಮದಲ್ಲಿ ಅವಕಾಶವಿಲ್ಲ, ನನಗೆ ಅದು ಬೇಡವೂ ಬೇಡ.)

ವೈರಿಂಗ್ ಹೀಗಿದೆ. ಬ್ಯಾಟರಿ ಪ್ಲಸ್‌ನಿಂದ 15 ಆಂಪ್ ಫ್ಯೂಸ್ ಮೂಲಕ ರಿಲೇಯ (ಬಟನ್ ಒತ್ತಿದಾಗ ಹಾರ್ನ್‌ಗೆ ಬ್ಯಾಟರಿ ಕರೆಂಟ್ ಹರಿಸುವ ಸ್ವಿಚ್) 30ನೇ ಪಿನ್‌ಗೆ, 87ನೇ ಪಿನ್‌ನಿಂದ ಎರಡೂ ಹಾರ್ನ್‌ಗೆ. ಹಳೇ ಹಾರ್ನ್‌ನ ವೈರ್‌ಗಳು 85, 86ನೇ ಪಿನ್‌ಗೆ. ಹಾರ್ನ್‌ಗಳ ಅರ್ತ್ (ಮೈನಸ್ ವೈರ್) ಬೈಕಿನ ಚಾಸಿಗೆ.

ಬಟನ್ ಒತ್ತಿದರೆ ರಿಲೇ ಟಿಕ್ ಅನ್ನುತ್ತದೆ, ಹಾರ್ನ್ ಮಾತ್ರ ಗಂಟಲು ಕಟ್ಟಿದ ಹಾಗೆ ಗೊರಗೊರ. ಅದನ್ನೇ ನೇರ ಬ್ಯಾಟರಿಗೆ ಮುಟ್ಟಿಸಿದರೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ! ಬೇರೆ ರಿಲೇ ಹಾಕಿದೆ, ಫ್ಯೂಸ್ ಬದಲಿಸಿದೆ, ಅದೇ ಕಥೆ. ಬಟನ್ ಒತ್ತಿ ಹಿಡಿದು ಮಲ್ಟಿಮೀಟರ್‌ನಲ್ಲಿ ನೋಡಿದರೆ ಬ್ಯಾಟರಿಯಲ್ಲಿ 12.3 ವೋಲ್ಟ್, ಹಾರ್ನ್‌ನ ಎರಡು ಪಿನ್ ನಡುವೆ ಬರೀ 9. ಒಬ್ಬ ಮೆಕ್ಯಾನಿಕ್ ವೈರ್ ತೆಳುವಾಯ್ತು ಅಂತಾರೆ, ಇನ್ನೊಬ್ಬರು ಅರ್ತ್ ಪೇಂಟ್ ಮೇಲೆ ಕೂತಿದೆ ಅಂತಾರೆ. ಸುಮ್ನೆ ಎಲ್ಲಾ ಬಿಚ್ಚಿಸೋಕೆ ಮನಸ್ಸಿಲ್ಲ.

ತಿಳಿದವರು ದಯವಿಟ್ಟು ಹೇಳಿ: ಈ 3 ವೋಲ್ಟ್ ಪ್ಲಸ್ ಕಡೆ ಹೋಗುತ್ತಿದೆಯಾ, ಅರ್ತ್ ಕಡೆಯಾ ಅಂತ ಗೊತ್ತಾಗಲು ಮೀಟರ್‌ನ ಎರಡು ಕಡ್ಡಿ ಎಲ್ಲೆಲ್ಲಿ ಇಡಬೇಕು? ಜೋಡಿ ಹಾರ್ನ್‌ಗೆ ಎಷ್ಟು ಸ್ಕ್ವೇರ್ ಎಂಎಂ ವೈರ್ ಬೇಕು?