ನರ್ಸರಿಗೆ ‘ಊಟ-ತಿಂಡಿ’ ಥೀಮ್: ಏನು ಮಾಡಿಸಲಿ?

ದಾವಣಗೆರೆ ಮಿಸ್:
ನನ್ನ ಕ್ಲಾಸಲ್ಲಿ 22 ಮಕ್ಕಳು, ಎಲ್ಲರೂ ನಾಲ್ಕರ ಆಸುಪಾಸು. ಸೋಮವಾರದಿಂದ ‘ಊಟ-ತಿಂಡಿ’ ಥೀಮ್. ಹೋದ ಸಲ ಹಣ್ಣಿನ ಚಾರ್ಟ್ ತೂಗುಹಾಕಿ ಹೆಸರು ಹೇಳಿಸಿದೆ, ಹತ್ತು ನಿಮಿಷಕ್ಕೆ ಅರ್ಧ ಕ್ಲಾಸ್ ಬೆಂಚಿನ ಕೆಳಗಿತ್ತು. ಈ ಸಲ ಏನು ಮಾಡಲಿ?

ಹಳೇ ಟೀಚರ್:
ಚಾರ್ಟ್ ಬಿಡಿ ಮಿಸ್. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಟ್ಟು ಸ್ಟ್ರಾಬೆರಿ ತೋರಿಸೋದು ಯಾಕೆ? ಒಂದು ಹಿಡಿ ಅಕ್ಕಿ, ಒಂದು ಸೇರು ಮಂಡಕ್ಕಿ, ಎರಡು ಬೋಗುಣಿ ನೀರು ಸಾಕು. ಮುಟ್ಟಲಿ, ಮೂಸಲಿ, ಆಮೇಲೆ ನೀರಿಗೆ ಹಾಕಲಿ. ಅಕ್ಕಿ ಮುಳುಗುತ್ತದೆ, ಮಂಡಕ್ಕಿ ತೇಲುತ್ತದೆ. ಯಾಕೆ ಅಂತ ನೀವೇ ಹೇಳಿಬಿಡಬೇಡಿ, ಅವರು ಏನಾದರೂ ಹೇಳಲಿ, ತಪ್ಪಾದರೂ ನಡೆಯುತ್ತದೆ, ‘ಮಂಡಕ್ಕಿಗೆ ಈಜು ಬರುತ್ತೆ ಮಿಸ್’ ಅಂದ ಹುಡುಗ ನನಗೆ ಇನ್ನೂ ನೆನಪಿದ್ದಾನೆ. ಮಾರನೇ ದಿನ ಲೋಟದಲ್ಲಿ ಅಳೆಯೋ ಆಟ, ಕೊನೇ ದಿನ ಮಂಡಕ್ಕಿ ಅಂಗಡಿ. ಶೇಂಗಾ, ಬಟಾಣಿ ಮಾತ್ರ ಎಣಿಸೋಕೆ ಕೊಡಬೇಡಿ, ಮೂಗಿಗೆ ಹೋಗುತ್ತದೆ, ಗಂಟಲಿಗೂ ಸಿಕ್ಕಿಕೊಳ್ಳುತ್ತದೆ.

ದುರ್ಗದವಳು:
ನಮ್ಮಲ್ಲಿ ‘ಅಡುಗೆಮನೆ ಸಾಮಾನು’ ಮಾಡಿದಾಗ ಓಬವ್ವನ ಕಥೆ ಹೇಳಿದೆ. ಕೊಂದ ಭಾಗ ಬಿಟ್ಟೆ, ಇಷ್ಟು ಚಿಕ್ಕವರಿಗೆ ಅದು ಬೇಡ. ಆದರೆ ಒನಕೆ ಅಂದ್ರೆ ಏನು ಅಂತ ಒಬ್ಬರಿಗೂ ಗೊತ್ತಿರಲಿಲ್ಲ! ರಟ್ಟಿನ ಕೊಳವೆ ಕೊಟ್ಟು, ಹಾಡು ಹೇಳುತ್ತಾ ಕುಟ್ಟಿಸಿದೆ. ಲಯ, ಎಣಿಕೆ ಎರಡೂ ಬಂತು. ಒಂದೊಂದು ಆಟ 15 ನಿಮಿಷ ದಾಟಿಸಬೇಡಿ.

ದಾವಣಗೆರೆ ಮಿಸ್:
ಮಂಡಕ್ಕಿ ಅಂಗಡಿ ಪಕ್ಕಾ. ನೆಲ ಗುಡಿಸೋ ಆಯಮ್ಮನಿಗೆ ಇವತ್ತೇ ಹೇಳಿಡ್ತೀನಿ.