ಶಾಲೆ ಶೌಚಾಲಯಕ್ಕೆ ನೀರು ಬೇಕು: ಪಂಚಾಯ್ತಿ ಬಜೆಟ್‌ನಲ್ಲಿ ಯಾವ ಬಾಬ್ತಿನಲ್ಲಿ ಕೇಳಬೇಕು?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಮಧುಗಿರಿ ತಾಲ್ಲೂಕು (ಫೆಬ್ರವರಿ 2025)

ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಶಾಲೆಯಲ್ಲಿ 64 ಮಕ್ಕಳಿದ್ದಾರೆ. ನನ್ನ ಮಗಳು ಆರನೇ ಕ್ಲಾಸು.

ಶೌಚಾಲಯದ ಕಟ್ಟಡ ಚೆನ್ನಾಗಿದೆ. ಬಾಗಿಲಿದೆ, ಟೈಲ್ಸ್ ಇದೆ. ನೀರಿಲ್ಲ. ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಬುಡದಲ್ಲಿ ಸೀಳಿ ಎರಡು ವರ್ಷವಾಯಿತು. ಇರುವ ಒಂದೇ ನಲ್ಲಿ ಗೇಟಿನ ಹತ್ತಿರ. ಅಲ್ಲಿಂದ ಹೆಣ್ಣುಮಕ್ಕಳು ಹಳೇ ಪೇಂಟ್ ಡಬ್ಬದಲ್ಲಿ ನೀರು ಹಿಡಿದು ಅಂಗಳ ದಾಟಬೇಕು. ಎಲ್ಲರೂ ನೋಡುತ್ತಾರೆ ಅಂತ ಅವರಿಗೆ ನಾಚಿಕೆ. ನನ್ನ ಮಗಳಿಗೆ ಬೆಳಿಗ್ಗೆ ತುಂಬಿ ಕೊಟ್ಟ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತದೆ. ಬಿಸಿಲಲ್ಲೂ ಕುಡಿಯುವುದಿಲ್ಲ. ಏಳನೇ ಕ್ಲಾಸಿನ ಮೂರು ಹುಡುಗಿಯರು ಊಟದ ಬಿಡುವಿನಲ್ಲಿ ಮನೆಗೆ ಹೋದರೆ ಮತ್ತೆ ಬರುವುದೇ ಇಲ್ಲ.

ಪ್ಲಂಬರ್ ಬಂದು ನೋಡಿ ಟ್ಯಾಂಕು, ಪೈಪು, ಕೂಲಿ ಸೇರಿ 27,500 ರೂಪಾಯಿ ಅಂದರು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಪಂಚಾಯ್ತಿಗೆ ಹೋಗಿ ಅಂದರು. ಪಂಚಾಯ್ತಿಯಲ್ಲಿ ಕೇಳಿದರೆ ಶಾಲೆ ನಮ್ಮ ಲೆಕ್ಕಕ್ಕೆ ಬರಲ್ಲ ಅಂದರು. ಮುಂದಿನ ವಾರ 2025-26ರ ಬಜೆಟ್ ಬಗ್ಗೆ ಗ್ರಾಮಸಭೆ ಇದೆ. ಸುಮ್ನೆ ಕೂಗಾಡಿ ಬರುವುದು ನನಗೆ ಬೇಡ. ಯಾವ ದುಡ್ಡಲ್ಲಿ ಕೇಳಬೇಕು, ಹೇಗೆ ಕೇಳಬೇಕು, ತಿಳಿದವರು ಹೇಳಿ.

ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ, ಗೌರಿಬಿದನೂರು

ಅಮ್ಮಾ, ಪಂಚಾಯ್ತಿಯವರು ಹೇಳಿದ್ದು ಅರ್ಧ ಸರಿ. ಮೇಷ್ಟ್ರ ಸಂಬಳ, ಬಿಸಿಯೂಟ, ಪಠ್ಯಪುಸ್ತಕ ಇವೆಲ್ಲ ಇಲಾಖೆಯ ದುಡ್ಡು. ಅದನ್ನು ಗ್ರಾಮ ಪಂಚಾಯ್ತಿಯಲ್ಲಿ ಕೇಳಬೇಡಿ. ನೀರು, ನೈರ್ಮಲ್ಯ ಹಾಗಲ್ಲ. 2025-26ರವರೆಗೆ ಕೇಂದ್ರದಿಂದ ಪಂಚಾಯ್ತಿಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನಿರ್ಬಂಧಿತ, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಖರ್ಚು ಮಾಡಬೇಕು. ಅದರಲ್ಲಿ 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ. ಶಾಲೆ ಶೌಚಾಲಯಕ್ಕೆ ನೀರು ಕೊಡುವುದು ನೈರ್ಮಲ್ಯ ಅಲ್ಲದೆ ಇನ್ನೇನು? ಈ ಬಾಬ್ತಿನ ಹೆಸರು ಹಿಡಿದೇ ಕೇಳಿ.

ಇನ್ನೊಂದು ಮಾತು. ಬಜೆಟ್ ಅಂದರೆ ಅಂದಾಜು ಅಷ್ಟೇ. ನಿಮ್ಮ ಕೆಲಸ ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ ಹತ್ತಬೇಕು. ಅಲ್ಲಿ ಹತ್ತದ ಕೆಲಸಕ್ಕೆ ಬಿಲ್ ಆಗುವುದಿಲ್ಲ. ಎಸ್‌ಡಿಎಂಸಿ ಠರಾವು, ಪ್ಲಂಬರ್ ಕೊಟ್ಟ ಅಂದಾಜು ಎರಡನ್ನೂ ಲಗತ್ತಿಸಿ ಅರ್ಜಿ ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಸಭೆ ಮುಗಿಯುವ ಮುಂಚೆ ನಡಾವಳಿ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅಂತ ಓದಿಸಿ ಕೇಳಿ. 'ಪರಿಶೀಲಿಸಲಾಗುವುದು' ಅಂತ ಬರೆದಿದ್ದರೆ ಒಪ್ಪಬೇಡಿ.

ಮುಖ್ಯ ಶಿಕ್ಷಕಿ, ಶ್ರೀನಿವಾಸಪುರ

ಶಾಲಾ ಅನುದಾನದಲ್ಲೇ ಮಾಡಿಸಿ ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ, ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಶಾಲಾ ಯೋಜನೆಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ನಿಗದಿ. 30ರೊಳಗಿದ್ದರೆ ಬರೀ 10,000. ಅದರಲ್ಲಿ ಹತ್ತನೇ ಒಂದು ಭಾಗವಾದರೂ ಸ್ವಚ್ಛತೆಗೆ ಬಳಸಬೇಕು. ನಿಮ್ಮ ಲೆಕ್ಕದಲ್ಲಿ ಅದು 2,500. ಫಿನಾಯಿಲ್, ಪೊರಕೆ, ಸೋಪಿಗೇ ಆಗಿ ಹೋಗುತ್ತದೆ. ಮಿಕ್ಕಿದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಮುರಿದ ಕಿಟಕಿ, ಸುಟ್ಟ ಸ್ವಿಚ್ಚು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಣೆಯಾಯಿತು, ಅದೊಂದು ಒಳ್ಳೆಯ ಕೆಲಸ. ಆದರೆ ಒಡೆದ ಟ್ಯಾಂಕಿಗೆ ಉಚಿತ ನೀರು ತುಂಬುವುದು ಹೇಗೆ?

ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಈ ವಿಷಯ ಎತ್ತಿದ್ದರೆ ಅದರ ನಡಾವಳಿ ಪ್ರತಿಯನ್ನೂ ತೆಗೆದುಕೊಂಡು ಹೋಗಿ ಮೇಡಂ.

ಪಂಚಾಯ್ತಿ ಸದಸ್ಯ, ಗುಬ್ಬಿ ತಾಲ್ಲೂಕು

ಅಕ್ಕಾ, ನಮ್ಮ ಕಷ್ಟವನ್ನೂ ಕೇಳಿ. ನಮ್ಮ ಪಂಚಾಯ್ತಿಗೆ ಐದು ಶಾಲೆ, ಏಳು ಅಂಗನವಾಡಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಇಡೀ ಊರು ಖಾಲಿ ಬಿಂದಿಗೆ ಹಿಡಿದು ನಮ್ಮ ಮನೆ ಮುಂದೆ ಇರುತ್ತದೆ. ಸ್ವಂತ ಆದಾಯ ಅಂದರೆ ಮನೆ ಕಂದಾಯ, ಹುಣಸೆ ಮರದ ಹರಾಜು. ಕಂದಾಯ ಕಟ್ಟುವವರು ಕಡಿಮೆ. ಒಂದು ಶಾಲೆಗೆ ಕೊಟ್ಟರೆ ನಾಲ್ಕು ಶಾಲೆಯವರು ಬಂದು ಜಗಳ ಆಡುತ್ತಾರೆ. ಅದಕ್ಕೇ ಎಲ್ಲ ಶಾಲೆಗಳ ಪಟ್ಟಿ ಮಾಡಿಕೊಂಡು ಒಟ್ಟಿಗೆ ಹೋಗಿ. ನಮಗೂ ಒಪ್ಪಿಸುವುದು ಸುಲಭ.

ಎಸ್‌ಡಿಎಂಸಿ ಸದಸ್ಯೆ, ಮಧುಗಿರಿ ತಾಲ್ಲೂಕು

ಅಣ್ಣಾ, ಪಟ್ಟಿ ಮಾಡುವ ಮಾತು ಒಪ್ಪುತ್ತೇನೆ. ಆದರೆ ಎಲ್ಲ ಶಾಲೆಗೂ ಆಗುವವರೆಗೆ ಯಾವುದಕ್ಕೂ ಬೇಡ ಅನ್ನುವುದನ್ನು ಒಪ್ಪಲಾರೆ. ಪಕ್ಕದೂರಿನ ಎರಡು ಶಾಲೆಗೆ ಹೋಗಿ ನೋಡಿ ಬಂದೆ. ಒಂದು ಕಡೆ ಎಲ್ಲ ಸರಿ ಇದೆ. ಇನ್ನೊಂದು ಕಡೆ ಪೈಪಿದೆ, ವಾಲ್ವ್ ಇಲ್ಲ. ಅದನ್ನೂ ಅರ್ಜಿಯಲ್ಲಿ ಸೇರಿಸಿದೆ.

ಎಸ್‌ಡಿಎಂಸಿ ಸದಸ್ಯೆ, ಮಧುಗಿರಿ ತಾಲ್ಲೂಕು (ಒಂಬತ್ತು ದಿನದ ಮೇಲೆ)

ಗ್ರಾಮಸಭೆ ಮುಗಿಯಿತು. ಬೆಳಿಗ್ಗೆ ಹನ್ನೊಂದಕ್ಕೆ ಅಂದಿದ್ದು ಶುರುವಾದಾಗ ಒಂದು ಗಂಟೆ. ಮೊದಲು ಚರಂಡಿ, ಬೀದಿ ದೀಪ, ಇ-ಸ್ವತ್ತು ಅಂತಲೇ ಹೋಯಿತು. ನನ್ನ ಸರದಿ ಬಂದಾಗ ಅರ್ಧ ಜನ ಎದ್ದು ಹೋಗಿದ್ದರು. ಅರ್ಜಿ ಓದಿದೆ. ಕೈ ನಡುಗುತ್ತಿತ್ತು, ಆದರೂ ನಿರ್ಬಂಧಿತ ಅನುದಾನ, ನೈರ್ಮಲ್ಯದ 30 ಭಾಗ ಅಂತ ಹೇಳಿದೆ. ಇದನ್ನು ಇಲಾಖೆಯೇ ಮಾಡಬೇಕಲ್ವಾ ಅಂತ ಒಬ್ಬರು ಶುರು ಮಾಡಿದರು.

ಆಗ ಹಿಂದೆ ಕೂತಿದ್ದ ಬಿಸಿಯೂಟದ ಅಡುಗೆಯಮ್ಮ ಎದ್ದರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ನೋಡೇ ಇರಲಿಲ್ಲ. "ದಿನಾ ಹನ್ನೆರಡು ಬಿಂದಿಗೆ ಆ ಗೇಟಿಂದ ನಾನೇ ಹೊರ್ತೀನಿ. ಅನ್ನ ಮಾಡೋಕೆ ಆರು, ಪಾತ್ರೆ ತೊಳೆಯೋಕೆ ಆರು. ಮಕ್ಕಳಿಗೆ ಒಂದು ತೆಗೆದಿಡೋಣ ಅಂದ್ರೆ ನನ್ನ ಸೊಂಟ ಬಿಡಲ್ಲ" ಅಂದರು. ಅಧ್ಯಕ್ಷರು ನೀರಗಂಟಿಯನ್ನು ಕರೆದು, ಶಾಲೆ ತನಕ ಒತ್ತಡ ಬರುತ್ತಾ ಅಂತ ಕೇಳಿದರು. ಬೆಳಿಗ್ಗೆ ಒಂಬತ್ತಕ್ಕೆ ವಾಲ್ವ್ ತಿರುಗಿಸಿದರೆ ಬರುತ್ತದೆ ಅಂದರು ಅವರು.

ನಡಾವಳಿಯಲ್ಲಿ ಮೊದಲು 'ಪರಿಶೀಲಿಸುವುದು' ಅಂತಲೇ ಬರೆದಿದ್ದರು! ಓದಿಸಿ ಕೇಳಿದ್ದಕ್ಕೆ ಗೊತ್ತಾಯಿತು. ಗೌರಿಬಿದನೂರಿನ ಹಿರಿಯರಿಗೆ ಕೈ ಮುಗಿಯುತ್ತೇನೆ. ಹೊಡೆದು ಹಾಕಿಸಿ, '1000 ಲೀಟರ್ ಟ್ಯಾಂಕ್ ಮತ್ತು ಪೈಪ್‌ಲೈನ್, ಕ್ರಿಯಾ ಯೋಜನೆಗೆ ಸೇರಿಸಲು ತೀರ್ಮಾನಿಸಲಾಯಿತು' ಅಂತ ಬರೆಸಿದೆವು. ಪಕ್ಕದೂರಿನ ವಾಲ್ವ್ ಕೂಡ ಸೇರಿತು. ಆ ಪುಟದ ಫೋಟೋ ನನ್ನ ಹತ್ತಿರ ಇದೆ.

ಆಗದೆ ಉಳಿದದ್ದು ಶೌಚಾಲಯ ತೊಳೆಯುವವರ ಕೂಲಿ. ಅದಕ್ಕೆ ದುಡ್ಡಿಲ್ಲ ಅಂತ ಖಂಡಿತವಾಗಿ ಹೇಳಿಬಿಟ್ಟರು. ಮಕ್ಕಳ ಕೈಲಿ ತೊಳೆಸಲು ನಾನಂತೂ ಬಿಡುವುದಿಲ್ಲ. ನಿಮ್ಮ ಊರುಗಳಲ್ಲಿ ಇದಕ್ಕೆ ಏನು ಮಾಡಿದ್ದೀರಿ? ತಿಂಗಳಿಗೆ ಎಷ್ಟು ಕೊಡುತ್ತೀರಿ, ಯಾರು ಕೊಡುತ್ತಾರೆ?